ಮಣ್ಣು ನೋಡುತ್ತಾ ಹೋದೆವು: ಮಂಗಳೂರಿನಿಂದ ಕೋಡಿ ಬೆಂಗ್ರೆವರೆಗೆ

ಮೇ ತಿಂಗಳ ಮೊದಲ ವಾರ ಕರಾವಳಿ ಸುತ್ತಲು ಯಾರೂ ಆರಿಸಿಕೊಳ್ಳುವುದಿಲ್ಲ. ಸೆಕೆ ವಿಪರೀತ. ಆದರೆ ನಾವು ನೋಡಬೇಕಾಗಿದ್ದದ್ದು ಈ ಕಾಲದಲ್ಲೇ ಚೆನ್ನಾಗಿ ಕಾಣುವುದು. ಬಾವಿಯ ತಳ ಕಾಣುತ್ತದೆ. ಗುಡ್ಡ ಕಡಿದ ಜಾಗವನ್ನು ಹುಲ್ಲು ಮುಚ್ಚಿರುವುದಿಲ್ಲ. ಕಡಲ ಬದಿಯಲ್ಲಿ ಹೊಯ್ಗೆ, ಅಂದರೆ ಮರಳು, ಅಗಲವಾಗಿ ಬಿದ್ದಿರುತ್ತದೆ.

ಅಕ್ಕನ ಮಗಳು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳೆ. ರಜೆಗೆ ಬಂದವಳು, "ಚಿಕ್ಕಮ್ಮ, ಮಳೆ ಹಿಡಿಯುವ ಮೊದಲು ಒಂದು ಸುತ್ತು ಹೋಗಿ ಬರುವಾ" ಎಂದಳು. ನನ್ನ ತಲೆಯಲ್ಲೂ ಒಂದು ಪ್ರಶ್ನೆ ಬಹಳ ಕಾಲದಿಂದ ಕೂತಿತ್ತು. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು ನಮ್ಮದು. ಏಪ್ರಿಲ್ ಬಂದರೆ ಅದೇ ಊರಿಗೆ ಟ್ಯಾಂಕರ್ ಬರುತ್ತದೆ. ಜುಲೈ ಬಂದರೆ ಅದೇ ಊರಿನಲ್ಲಿ ಗುಡ್ಡ ಜಾರುತ್ತದೆ. ನೀರಿಲ್ಲದ್ದೂ ನೀರು ಹೆಚ್ಚಾದದ್ದೂ ಬೇರೆ ಬೇರೆ ಸಮಸ್ಯೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಎರಡೂ ಒಂದೇ ನೆಲದ ಕತೆ ಎಂದು ಅವಳು ಹೇಳುತ್ತಿದ್ದಳು. ಹೇಳಿದ್ದು ಸಾಲದು, ತೋರಿಸು ಎಂದೆ.

ಶುಕ್ರವಾರ: ಕುಲಶೇಖರದ ಸುತ್ತಮುತ್ತ

ಮಂಗಳೂರು ಗುಡ್ಡಗಳ ಊರು. ಕದ್ರಿ, ಬಿಜೈ, ಕುಲಶೇಖರ ಎಲ್ಲ ಕಡೆ ಏರು, ಇಳಿಜಾರು, ನಡುವೆ ಬಯಲು. ಈಗ ಗುಡ್ಡದ ಬದಿಯನ್ನು ಜೆಸಿಬಿಯಲ್ಲಿ ಕಡಿದು ಮಟ್ಟ ಮಾಡದೆ ಮನೆ ಏಳುವುದೇ ಕಡಿಮೆ. ಕುಲಶೇಖರದ ಆಚೆ ಅಂಥದ್ದೇ ಒಂದು ಜಾಗದ ಎದುರು ಕಾರು ನಿಲ್ಲಿಸಿದೆವು. ಮೂರು ಆಳು ಎತ್ತರಕ್ಕೆ ನೆಟ್ಟಗೆ ಕಡಿದಿದ್ದರು. ಮೇಲಿನಿಂದ ಕೆಳಗಿನವರೆಗೆ ಗುಡ್ಡದ ಹೊಟ್ಟೆ ಪೂರ್ತಿ ತೆರೆದುಕೊಂಡಿತ್ತು.

ತುದಿಯಲ್ಲಿ ಮುರಕಲ್ಲು. ನಮ್ಮ ಮನೆ, ದೈವಸ್ಥಾನ, ಬಾವಿಯ ದಂಡೆ ಎಲ್ಲಕ್ಕೂ ಬಳಸುವ ಕೆಂಪು ಕಲ್ಲು. ಹತ್ತಿರದಿಂದ ನೋಡಿದರೆ ತುಂಬಾ ತೂತು. ತೂತಿನೊಳಗೆ ಹಳದಿ ಮಣ್ಣು. ಅದರ ಕೆಳಗೆ ಕಲ್ಲು ಮೆತ್ತಗಾಗುತ್ತಾ ಹೋಗುತ್ತದೆ. ಇನ್ನೂ ಕೆಳಗೆ ಬಣ್ಣವೇ ಬೇರೆ. ಬಿಳಿ, ತಿಳಿ ಗುಲಾಬಿ, ಹಳದಿ, ಅಲ್ಲಲ್ಲಿ ನೇರಳೆ. ಮುಟ್ಟಿದರೆ ಬೆರಳಿಗೆ ನುಣ್ಣಗೆ ಹತ್ತುತ್ತದೆ. ಇದು ಶೇಡಿ ಮಣ್ಣು. ಬಾವಿ ತೋಡುವವರನ್ನು ಕೇಳಿ, ಹೆಸರು ಹೇಳಿದ ಕೂಡಲೇ ಮುಖ ಗಂಟು ಹಾಕುತ್ತಾರೆ. ಅವರಿಗೆ ಅದರ ಗುಣ ಗೊತ್ತು.

"ಇದೆಲ್ಲ ಒಂದೇ ಕಲ್ಲು ಚಿಕ್ಕಮ್ಮ" ಎಂದಳು. ಕೆಳಗೆ, ಕಾಣದ ಆಳದಲ್ಲಿ ಕರಿಕಲ್ಲು ಉಂಟು. ಲಕ್ಷಾಂತರ ವರ್ಷ ಬಿಸಿಲು, ಮಳೆ ಬಿದ್ದು ಆ ಕಲ್ಲು ಮೇಲಿನಿಂದ ಕೊಳೆಯುತ್ತಾ ಬಂದಿದೆ. ನೀರಿನ ಜೊತೆ ಹೋಗುವ ಅಂಶಗಳೆಲ್ಲ ಹೋದವು. ಕಬ್ಬಿಣ, ಅಲ್ಯೂಮಿನಿಯಂ ಮೇಲೆ ಉಳಿದು ಗಟ್ಟಿಯಾದವು. ಅದು ಮುರಕಲ್ಲು. ಕೊಳೆತೂ ಇನ್ನೂ ಗಟ್ಟಿಯಾಗದೆ ಉಳಿದದ್ದು ಶೇಡಿ. ನೆಲದೊಳಗೆ ಇರುವಾಗ ಮುರಕಲ್ಲು ಕತ್ತಿಯಲ್ಲಿ ಕೆತ್ತುವಷ್ಟು ಮೆದು, ಹೊರಗೆ ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800–01ರಲ್ಲಿ ಮಲಬಾರು, ಕೆನರಾ ಸುತ್ತಿದಾಗ ಬೆರಗಾದದ್ದು ಇದೇ ಗುಣಕ್ಕೆ. ಕೇರಳದ ಅಂಗಾಡಿಪುರಂನ ಕಲ್ಲನ್ನು ನೋಡಿ ಅವನು 1807ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಈಗ ಜಗತ್ತೆಲ್ಲ ಅದೇ ಹೆಸರು.

ಮಧ್ಯಾಹ್ನ ಅಕ್ಕನ ಮನೆಯ ಅಡುಗೆಕೋಣೆಯಲ್ಲಿ ಒಂದು ಪರೀಕ್ಷೆ ನಡೆಯಿತು. ಎರಡು ಗಾಜಿನ ಲೋಟದಲ್ಲಿ ನೀರು. ಒಂದಕ್ಕೆ ಮುರಕಲ್ಲಿನ ತುಂಡು, ಇನ್ನೊಂದಕ್ಕೆ ಅದೇ ಗಾತ್ರದ ಶೇಡಿ ಹೆಂಟೆ. ಮುರಕಲ್ಲು ಬುಳುಬುಳು ಗಾಳಿ ಬಿಟ್ಟು ಸುಮ್ಮನೆ ಕೂತಿತು. ಶೇಡಿ ಹೆಂಟೆಯ ಅಂಚಿನಿಂದ ಮೊದಲು ಪುಡಿ ಉದುರಿತು. ಆಮೇಲೆ ಒಂದು ಬಿರುಕು. ಒಂದು ಮಗ್ಗುಲು ಕಳಚಿ ಬಿತ್ತು. ಅಕ್ಕ ಸಾರಿಗೆ ಒಗ್ಗರಣೆ ಹಾಕಿ ತಿರುಗುವಷ್ಟರಲ್ಲಿ ಹೆಂಟೆಯೇ ಇರಲಿಲ್ಲ. ತಳದಲ್ಲಿ ಬಿಳಿ ರಾಡಿ. ಬೆಳಗ್ಗೆ ಉಗುರಿನಲ್ಲಿ ಕೆರೆದರೂ ಅಲ್ಲಾಡದಿದ್ದ ಮಣ್ಣು ಅದು.

ನನಗೆ ಇಡೀ ವಿಷಯ ಅರ್ಥವಾದದ್ದು ಆ ಲೋಟದಲ್ಲಿ. ಬೇಸಿಗೆಯಲ್ಲಿ ಗುಡ್ಡ ಕಡಿಯುತ್ತಾರೆ. ಶೇಡಿ ಒಣಗಿರುವಾಗ ನೆಟ್ಟಗೆ ನಿಲ್ಲುತ್ತದೆ. ನಂಬಿಕೆ ಬರುತ್ತದೆ. ಮಳೆಗಾಲದಲ್ಲಿ ಮುರಕಲ್ಲಿನ ತೂತುಗಳಲ್ಲಿ ನೀರು ಸರಸರ ಇಳಿಯುತ್ತದೆ. ಶೇಡಿಯಲ್ಲಿ ಅಷ್ಟು ಬೇಗ ಇಳಿಯಲಾಗದೆ ಅದರ ಮೇಲೆ ನಿಲ್ಲುತ್ತದೆ. ಶೇಡಿ ನೆನೆಯುತ್ತದೆ, ಬಲ ಕಳೆದುಕೊಳ್ಳುತ್ತದೆ. ಮೇಲಿನ ಮುರಕಲ್ಲಿನ ಭಾರ ಹಾಗೇ ಇರುತ್ತದೆ. ಬುಡ ಕಡಿದಿದ್ದರೆ ಹಿಡಿದು ನಿಲ್ಲಿಸಲು ಏನೂ ಇಲ್ಲ. 2019ರ ಆಗಸ್ಟ್‌ನಲ್ಲಿ ಇಲ್ಲೇ ಪಡೀಲ್–ಕುಲಶೇಖರ ನಡುವೆ ಹಳಿಯ ಮೇಲೆ ಗುಡ್ಡ ಬಿದ್ದು ಹಲವು ದಿನ ರೈಲು ನಿಂತದ್ದು ಊರಿನವರಿಗೆ ನೆನಪಿದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಜನರನ್ನು, ಲಾರಿಗಳನ್ನು ಹೊತ್ತುಕೊಂಡು ಗಂಗಾವಳಿಗೆ ಇಳಿದಾಗ ಇಡೀ ಕರಾವಳಿ ಮಾತು ಕಳೆದುಕೊಂಡಿತ್ತು. ಪ್ರತಿ ಗುಡ್ಡದ ಕಾರಣ ಸ್ವಲ್ಪ ಬೇರೆ ಇರಬಹುದು. ನೀರು, ಇಳಿಜಾರು, ಕೊಳೆತ ಕಲ್ಲು, ಕಡಿದ ಬುಡ ಎಂಬ ನಾಲ್ಕನ್ನು ಮಾತ್ರ ಎಲ್ಲ ಕಡೆಯೂ ನೋಡಲೇಬೇಕು.

ಸಂಜೆ ಪರಿಚಯದವರ ಮನೆಗೆ ಹೋದೆವು. ಗುಡ್ಡದ ಮೇಲಿನ ಮನೆ. ಹಿತ್ತಿಲಿನಲ್ಲಿ ಹೊಸದಾಗಿ ಇಂಗುಗುಂಡಿ ತೋಡಿಸಿದ್ದರು. ಸಂತೋಷದಿಂದ ತೋರಿಸಿದರು. ಗುಂಡಿಯಿಂದ ನಾಲ್ಕು ಹೆಜ್ಜೆಗೆ ಕಡಿದ ಅಂಚು. ಅಂಚಿನ ಕೆಳಗೆ ಇನ್ನೊಬ್ಬರ ಮನೆಯ ಹಂಚು.

ಅವಳು ತುಂಬಾ ಮೆಲ್ಲಗೆ ಹೇಳಿದಳು, "ಅಂಕಲ್, ಈ ಗುಂಡಿ ಇಲ್ಲಿ ಬೇಡ."

"ಎಂತ ಮಾರಾಯ್ತಿ, ನೀರಿಂಗಿಸಿ ನೀರಿಂಗಿಸಿ ಅಂತ ಎಲ್ಲರೂ ಹೇಳುದು. ಈಗ ಬೇಡ ಅಂತೀಯಾ?"

"ಇಂಗಿಸಬೇಕು ಅಂಕಲ್. ಆದರೆ ಇಲ್ಲಿ ಇಂಗಿದ ನೀರು ನಿಮ್ಮ ಬಾವಿಗೆ ಹೋಗುದಿಲ್ಲ. ಶೇಡಿಗೆ ಹೋಗ್ತದೆ. ಮಾಡಿನ ನೀರನ್ನು ಪೈಪಿನಲ್ಲಿ ರಸ್ತೆ ಬದಿಯ ಬಾವಿ ಹತ್ತಿರ ತನ್ನಿ. ಅಲ್ಲಿ ನೆಲ ಮಟ್ಟ ಉಂಟು, ಅಲ್ಲಿ ಇಂಗಲಿ."

ಅವರು ಕೂಡಲೇ ಒಪ್ಪಲಿಲ್ಲ. ಖರ್ಚು ಮಾಡಿ ಆಗಿತ್ತಲ್ಲ. ಆದರೆ ಮೇಸ್ತ್ರಿಗೆ ಅಲ್ಲೇ ಫೋನ್ ಮಾಡಿದರು. ಅಂಚಿನ ಉದ್ದಕ್ಕೂ ಸಿಮೆಂಟು ಚರಂಡಿ ಮಾಡಿ ಮೇಲಿನ ನೀರನ್ನು ಬದಿಗೆ ಕಳಿಸುವುದು, ಇನ್ನು ಮುಂದೆ ಕಡಿಯುವುದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ತಡೆಗೋಡೆಗೆ ನೀರು ಬಸಿಯುವ ತೂತು ಬಿಡುವುದು, ಇಷ್ಟನ್ನು ಅವಳು ಚೀಟಿಯಲ್ಲಿ ಬರೆದುಕೊಟ್ಟಳು. ಮಳೆಗಾಲದಲ್ಲಿ ಏನು ನೋಡಬೇಕೆಂದೂ ಬರೆದಳು. ಅಂಚಿನ ಹಿಂದೆ ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಬುಡದಿಂದ ಇದ್ದಕ್ಕಿದ್ದಂತೆ ಬರುವ ರಾಡಿ ನೀರು. ಇದರಲ್ಲಿ ಒಂದು ಕಂಡರೂ ಆ ರಾತ್ರಿ ಕೆಳಗಿನ ಮನೆಯವರು ಅಲ್ಲಿ ಮಲಗಬಾರದು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಭೂಕುಸಿತ ಸಂಭವದ ನಕ್ಷೆಗಳನ್ನು ಮಾಡಿದೆ. ಅದರ ಭೂಕೋಶ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಒಳ್ಳೆಯ ಕೆಲಸ. ಆದರೆ ನಕ್ಷೆಯ ಅಳತೆ 1:50,000. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದಲ್ಲಿ ಅರ್ಧ ಕಿಲೋಮೀಟರ್. ಈ ಹಿತ್ತಿಲು, ಆ ಹಂಚಿನ ಮನೆ ಅದರಲ್ಲಿ ಕಾಣುವುದಿಲ್ಲ. ಅಷ್ಟು ಹತ್ತಿರದಿಂದ ನೋಡುವ ಕೆಲಸ ಮನೆ ಕಟ್ಟುವವರು, ಪರವಾನಗಿ ಕೊಡುವವರು ಮಾಡಬೇಕು. ಮನೆಯ ವಾಸ್ತು ನೋಡಿಸಲು ನಾವು ಕೊಡುವ ಗಮನದ ಅರ್ಧವಾದರೂ ಅಡಿಯ ಮಣ್ಣಿಗೆ ಕೊಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಶನಿವಾರ: ವಿಟ್ಲ, ಅಡ್ಯನಡ್ಕ

ಕಲ್ಲಡ್ಕದಲ್ಲಿ ಕೆ.ಟಿ. (ಕಲ್ಲಡ್ಕ ಟೀ) ಕುಡಿದು ವಿಟ್ಲದ ದಾರಿ ಹಿಡಿದೆವು. ಬಂಟ್ವಾಳ ತಾಲೂಕಿನ ಈ ಭಾಗ, ಅದರಾಚೆಯ ಕಾಸರಗೋಡು, ಸುರಂಗಗಳ ನಾಡು. ಗುಡ್ಡದ ಬದಿಗೆ ಅಡ್ಡಕ್ಕೆ ಕೊರೆದ ಗುಹೆಯಿಂದ ನೀರು ತರುವ ಕ್ರಮ. ಕರೆಂಟು ಬೇಡ, ಪಂಪು ಬೇಡ.

ಅಡ್ಯನಡ್ಕದ ಹತ್ತಿರ ನಮ್ಮ ನೆಂಟರ ಅಡಿಕೆ ತೋಟ. ಅವರ ಸುರಂಗದೊಳಗೆ ಹೋದೆವು. ಒಬ್ಬರು ಬಗ್ಗಿ ನಡೆಯುವಷ್ಟು ಅಗಲ, ಎತ್ತರ. ಹೊರಗೆ ಉರಿಬಿಸಿಲು, ಒಳಗೆ ಹತ್ತು ಹೆಜ್ಜೆ ಹೋಗುವಾಗಲೇ ತಂಪು. ಕಾಲಡಿಯಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು ಹರಿಯುತ್ತಿತ್ತು. ಬಾಗಿಲಿನಿಂದ ಒಳಕ್ಕೆ ನೆಲ ಸ್ವಲ್ಪ ಏರು, ಹಾಗಾಗಿ ನೀರು ತಾನಾಗಿ ಹೊರಗೆ ಬರುತ್ತದೆ. ಬಾಗಿಲಲ್ಲಿ ಸಣ್ಣ ಮಣ್ಣಿನ ಕಟ್ಟ, ಅಲ್ಲಿಂದ ಪೈಪು, ಪೈಪಿನಿಂದ ತೋಟದ ಟ್ಯಾಂಕಿಗೆ.

ಅವಳು ಟಾರ್ಚನ್ನು ಗೋಡೆಯ ಮೇಲೆ ನಿಧಾನವಾಗಿ ಸರಿಸಿದಳು. ತಲೆಯ ಮೇಲೆ ತೂತು ತೂತಿನ ಮುರಕಲ್ಲು. ಸೊಂಟದ ಎತ್ತರದವರೆಗೂ ಅದೇ. ಮೊಣಕಾಲಿನ ಹತ್ತಿರ ಬಣ್ಣ ಬದಲಾಯಿತು. ಹಳದಿ, ಬಿಳಿ. ನಿನ್ನೆ ಲೋಟದಲ್ಲಿ ಕರಗಿದ್ದೇ ಇದು. ಎರಡೂ ಕೂಡುವ ಗೆರೆಯಲ್ಲಿ ಗೋಡೆ ಪೂರ್ತಿ ಒದ್ದೆ. ಹನಿ ಅಲ್ಲಿಂದಲೇ ಒಸರುತ್ತಿತ್ತು, ಬೇರೆ ಎಲ್ಲಿಂದಲೂ ಇಲ್ಲ. ಬೆರಳಿಟ್ಟರೆ ಹನಿ ಬೆರಳಿನ ಮೇಲೆ ಇಳಿದು ಬಂತು.

"ನಿನ್ನೆ ಗುಡ್ಡ ಜಾರಿಸುವ ಗೆರೆ, ಇವತ್ತು ನೀರು ಕೊಡುವ ಗೆರೆ" ಎಂದಳು.

ನೀರು ಮುರಕಲ್ಲಿನಲ್ಲಿ ಇಳಿದು, ಶೇಡಿ ಸಿಕ್ಕಿದ ಮೇಲೆ ಕೆಳಗಿಳಿಯಲಾಗದೆ ಅಡ್ಡಕ್ಕೆ ಹರಿಯುತ್ತದೆ. ಸುರಂಗ ತೋಡುವವರು ಆ ಗೆರೆಯನ್ನು ಹುಡುಕಿಕೊಂಡು ಹೋಗುತ್ತಾರೆ. ಪುಸ್ತಕ ಓದದೆ ಈ ಜ್ಞಾನವನ್ನು ಅವರು ಕೈಯಲ್ಲಿ ಇಟ್ಟುಕೊಂಡಿದ್ದರು. ಇದೇ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮಾಡಿಕೊಂಡು, ಬಿಡುವಿನ ಹೊತ್ತಿನಲ್ಲಿ ಒಬ್ಬರೇ ಬೋಳು ಗುಡ್ಡ ಕೊರೆದವರು. ಐದು ಸುರಂಗ ನೀರು ಕೊಡಲಿಲ್ಲ. ಆರನೆಯದರಲ್ಲಿ ನೀರು ಸಿಕ್ಕಿತು. ಆ ನೀರಿನಲ್ಲಿ ಅಡಿಕೆ, ತೆಂಗು ಎದ್ದವು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಐದು ಸಲ ಬರಿಗೈ ಆದ ಮೇಲೂ ಮತ್ತೆ ಪಿಕ್ಕಾಸು ಎತ್ತಿದ್ದನ್ನು ನೆನೆದಾಗ ನನಗೆ ಮೈ ಜುಮ್ಮೆನ್ನುತ್ತದೆ. ಎಲ್ಲಿ ನೀರುಂಟು ಎಂದು ಮೊದಲೇ ಹೇಳಬಲ್ಲವರು ಜೊತೆಗಿದ್ದಿದ್ದರೆ ಆ ಶ್ರಮದಲ್ಲಿ ಎಷ್ಟು ಉಳಿಯುತ್ತಿತ್ತು ಎಂದೂ ಅನಿಸಿತು.

ನೆಂಟರ ಮನೆಯ ಅಣ್ಣನಿಗೆ ಚಿಂತೆ ಬೇರೆ. ಸುರಂಗದ ನೀರು ಮೊದಲಿನ ಹಾಗಿಲ್ಲ. "ಬೋರ್ ತೆಗೆಸಿದರೆ ಹೇಗೆ?" ಎಂದು ಕೇಳಿದರು. ಅವಳು ಗುಡ್ಡದ ನೆತ್ತಿ ನೋಡಬೇಕು ಎಂದಳು. ಹತ್ತಿದೆವು. ಮೇಲೆ ಬಿಟ್ಟುಹೋದ ಕಲ್ಲಿನ ಕೋರೆ. ಚೌಕ ಚೌಕ ಗುಂಡಿಗಳು. ಮಳೆ ನೀರು ಒಂದು ಬದಿಯ ಒಡಕಿನಿಂದ ರಸ್ತೆಗೆ ಹರಿದು ಹೋಗುತ್ತಿದ್ದ ಗುರುತು ಕಾಣುತ್ತಿತ್ತು.

ಇಲ್ಲಿ ಅವಳ ಮಾತು ನಿನ್ನೆಯದಕ್ಕೆ ತೀರಾ ಉಲ್ಟಾ. ಆ ಒಡಕನ್ನು ಮುಚ್ಚಿ, ನೀರು ಗುಂಡಿಯಲ್ಲೇ ನಿಲ್ಲಲಿ ಎಂದಳು. ಯಾಕೆಂದರೆ ನೆತ್ತಿ ಚಪ್ಪಟೆ. ಮುರಕಲ್ಲು ದಪ್ಪ ಉಂಟು. ಸುತ್ತ ಎಲ್ಲೂ ಬುಡ ಕಡಿದಿಲ್ಲ, ಕೆಳಗೆ ಮನೆ ಇಲ್ಲ, ತೋಟ ಮಾತ್ರ. ಮಕ್ಕಳು, ದನ ಬೀಳದ ಹಾಗೆ ಬೇಲಿ ಮಾತ್ರ ಕಡ್ಡಾಯ. ಕೋರೆಯ ಗುಂಡಿಯಲ್ಲಿ ಮಕ್ಕಳು ಮುಳುಗಿದ ಸುದ್ದಿ ಪ್ರತಿ ಮಳೆಗಾಲ ಓದುತ್ತೇವೆ, ಓದಿ ಮರೆಯುತ್ತೇವೆ. ಬೋರಿನ ವಿಷಯಕ್ಕೆ ಅವಳು ಹೇಳಿದ್ದು ಇಷ್ಟೇ. ಬೋರ್ ಹೋಗುವುದು ಶೇಡಿ ದಾಟಿ, ಕರಿಕಲ್ಲಿನ ಬಿರುಕಿಗೆ. ಆ ಬಿರುಕಿನಲ್ಲಿ ನೀರು ತುಂಬಲು ಬಹಳ ಕಾಲ ಬೇಕು. ಮೊದಲು ಮೇಲಿನ ಪಾತ್ರೆ ತುಂಬಿಸಿ, ಒಂದೆರಡು ಮಳೆಗಾಲ ನೋಡಿ. ಹಿಂದಿನವರು ಗುಡ್ಡದ ಮೇಲಿನ ತಗ್ಗಿಗೆ ಕಟ್ಟ ಕಟ್ಟಿ ಮದಕ ಮಾಡುತ್ತಿದ್ದದ್ದು ಇದೇ ಲೆಕ್ಕದಲ್ಲಿ ಅಲ್ವಾ?

ಊಟಕ್ಕೆ ಹಲಸಿನಕಾಯಿ ಪಲ್ಯ, ಮಾವಿನಹಣ್ಣಿನ ಸಾಸಿವೆ. ಹೊಟ್ಟೆ ತುಂಬಿ ಮಂಗಳೂರಿಗೆ ಮರಳುವಾಗ ಕತ್ತಲಾಗಿತ್ತು.

ಭಾನುವಾರ: ಉಳ್ಳಾಲ, ಸಸಿಹಿತ್ಲು

ಇವತ್ತು ಹೊಯ್ಗೆಯ ದಿನ. ಬೆಳಗ್ಗೆ ಉಳ್ಳಾಲ. ನೇತ್ರಾವತಿ, ಗುರುಪುರ ಹೊಳೆಗಳು ಒಟ್ಟಾಗಿ ಕಡಲು ಸೇರುವ ಅಳಿವೆ ಬಾಗಿಲು ಇಲ್ಲೇ ಬಡಗಿಗೆ. ದೋಣಿ ಹೋಗಿ ಬರಲು ಅಳಿವೆಯ ಎರಡೂ ಬದಿಗೆ ಕಲ್ಲಿನ ದಂಡೆ ಉಂಟು. ತೆಂಕಿಗೆ ಮೈಲುಗಟ್ಟಲೆ ಕಡಲಿಗೆ ಹಾಕಿದ ಕರಿಬಂಡೆಯ ರಾಶಿ. ಮನೆಗಳ ಗೋಡೆ ಆ ರಾಶಿಗೆ ತಾಗಿಕೊಂಡಿವೆ. ಕೆಲವು ಕಡೆ ಅಡಿಪಾಯ ಮಾತ್ರ ಉಳಿದಿದೆ. ಕಡಲ್ಕೊರೆತ ಇಲ್ಲಿ ಹೊಸ ವಿಷಯವಲ್ಲ.

ಕಡಲ ಬದಿಯ ಹೊಯ್ಗೆ ಒಂದೇ ಕಡೆ ನಿಲ್ಲುವುದಿಲ್ಲ. ಮಳೆಗಾಲದ ದೊಡ್ಡ ಅಲೆ ಅದನ್ನು ಕಡಲೊಳಕ್ಕೆ ಎಳೆಯುತ್ತದೆ. ನವೆಂಬರ್ ಮೇಲೆ ಸಣ್ಣ ಅಲೆ ಅದನ್ನೇ ಮೆಲ್ಲಗೆ ತಂದು ದಡಕ್ಕೆ ಹಾಕುತ್ತದೆ. ಓರೆಯಾಗಿ ಬಡಿಯುವ ಅಲೆ ಒಂದು ಕಾಲದಲ್ಲಿ ತೆಂಕಿಗೆ, ಇನ್ನೊಂದು ಕಾಲದಲ್ಲಿ ಬಡಗಿಗೆ ಹೊಯ್ಗೆ ಸಾಗಿಸುತ್ತದೆ. ಈ ಹೋಗಿ ಬರುವ ದಾರಿಗೆ ಕಲ್ಲಿನ ದಂಡೆ ಅಡ್ಡ ಬಂದರೆ ಒಂದು ಬದಿಯಲ್ಲಿ ಹೊಯ್ಗೆ ಗುಡ್ಡೆ, ಇನ್ನೊಂದು ಬದಿಯಲ್ಲಿ ಕೊರತೆ. ಕೊರತೆಯಾದ ಕಡೆ ಕಡಲು ನೆಲ ತಿನ್ನುತ್ತದೆ. ಅಲ್ಲಿ ಬಂಡೆ ಹಾಕುತ್ತೇವೆ. ಬಂಡೆಗೆ ಬಡಿದ ಅಲೆ ಹಿಂದಕ್ಕೆ ಚಿಮ್ಮಿ ಎದುರಿಗಿದ್ದ ಹೊಯ್ಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಬಂಡೆಯ ಸಾಲು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮುಂದಿನ ಮನೆಗೆ ಕೊರೆತ ಶುರು. ಆಮೇಲೆ ಅವರೂ ಬಂಡೆ ಕೇಳುತ್ತಾರೆ. ಕೇಳದೆ ಏನು ಮಾಡಿಯಾರು? ಮನೆಯೊಳಗೆ ನೀರು ಬಂದವರಿಗೆ ಹೊಯ್ಗೆಯ ಲೆಕ್ಕ ಹೇಳಲು ಬಾಯಿ ಬರುವುದಿಲ್ಲ. ಅಂಥವರಿಗೆ ಬಂಡೆ ಬೇಕೇ ಬೇಕಾಗುತ್ತದೆ. ಆದರೆ ಅಲ್ಲಿಗೆ ಬಂದು ನಿಲ್ಲುವ ಮೊದಲೇ ಲೆಕ್ಕ ಆಗಬೇಕಿತ್ತು.

ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದಲ್ಲಿ ಬೇರೆ ರೀತಿಯ ಕೆಲಸ ನಡೆಯಿತು. ದಡಕ್ಕೆ ಗೋಡೆ ಕಟ್ಟುವ ಬದಲು ಕಡಲಿನೊಳಗೆ ದಿಬ್ಬ ಮಾಡಿ, ಅಲೆ ದಡ ಮುಟ್ಟುವ ಮೊದಲೇ ಅದರ ಬಲ ಕಡಿಮೆ ಮಾಡುವ ಉಪಾಯ. ಈ ಯೋಚನೆಯ ದಾರಿ ಸರಿ ಎಂದು ಅವಳ ಅಭಿಪ್ರಾಯ. ಒಂದು ಕಡೆ ಮಾಡಿದ್ದರ ಪರಿಣಾಮವನ್ನು ಪಕ್ಕದ ಹತ್ತು ಕಿಲೋಮೀಟರ್ ತೀರದಲ್ಲಿ ವರ್ಷವರ್ಷ ಅಳೆಯುತ್ತಿರಬೇಕು ಎಂದೂ ಸೇರಿಸಿದಳು.

ಪಣಂಬೂರು ದಾಟುವಾಗ ಬಂದರಿನ ಕ್ರೇನುಗಳು ಕಂಡವು. ಸಮುದ್ರ ರತ್ನಾಕರ ಎಂಬ ಸಂಶೋಧನಾ ಹಡಗು ಭೂವೈಜ್ಞಾನಿಕ ಸರ್ವೇಕ್ಷಣೆಯದ್ದು, ಅದು 2013ರಲ್ಲಿ ಸೇವೆಗೆ ಸೇರಿದ್ದು ಮಂಗಳೂರಿನಲ್ಲೇ. ಕಡಲ ತಳ ಅಳೆಯುವ ಹಡಗು ನಮ್ಮ ಊರಿನದ್ದು ಎಂದು ಎಷ್ಟು ಜನರಿಗೆ ಗೊತ್ತೋ! ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನದ ವಿಭಾಗವೇ ಉಂಟು. ಕೊಣಾಜೆ ಗುಡ್ಡದ ಮೇಲೆ, ಕಡಲು ಕಾಣುವ ದೂರದಲ್ಲಿ. ನಮ್ಮ ಮಕ್ಕಳು ಅಲ್ಲಿಗೆ ಇನ್ನೂ ಜಾಸ್ತಿ ಹೋಗಬೇಕು ಎಂದು ನನ್ನ ಆಸೆ.

ಸಂಜೆ ಸಸಿಹಿತ್ಲು. ಶಾಂಭವಿ, ನಂದಿನಿ ಎರಡು ಹೊಳೆಗಳು ಕೂಡಿ ಕಡಲಿಗೆ ಸೇರುವ ಜಾಗ. ನಡುವೆ ಹೊಯ್ಗೆಯ ಉದ್ದನೆಯ ನಾಲಗೆ. ಅವಳು ಫೋನಿನಲ್ಲಿ ಹಳೆಯ ಉಪಗ್ರಹ ಚಿತ್ರಗಳನ್ನು ಒಂದೊಂದಾಗಿ ತೋರಿಸಿದಳು. ಅಳಿವೆ ಬಾಗಿಲು ಜಾಗ ಬದಲಿಸಿದೆ. ಇವತ್ತು ಗಟ್ಟಿ ನೆಲ ಅಂತ ನಾವು ನಿಂತದ್ದು ಹಿಂದೆ ನೀರಾಗಿತ್ತು.

ಅವಳ ಚೀಲದಲ್ಲಿ ಒಂದು ಅಯಸ್ಕಾಂತ ಇತ್ತು. ತೀರದಲ್ಲಿ ಅಲ್ಲಲ್ಲಿ ಕಪ್ಪು ಗೆರೆ ಬಿದ್ದ ಹೊಯ್ಗೆ ಕಾಣುತ್ತದಲ್ಲ, ಅದರ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅಯಸ್ಕಾಂತ ಹಿಡಿದಳು. ಕಪ್ಪು ಕಣಗಳು ಎದ್ದು ನಿಂತು ಅಂಟಿಕೊಂಡವು. ಮ್ಯಾಗ್ನೆಟೈಟ್. ಘಟ್ಟದ ಕಲ್ಲು ಒಡೆದು, ಹೊಳೆಯಲ್ಲಿ ಉರುಳಿ ಬಂದದ್ದು. ಹಗುರದ ಬಿಳಿ ಕಣಗಳನ್ನು ಅಲೆ ಹೊತ್ತುಕೊಂಡು ಹೋಗಿದೆ, ಭಾರದ್ದು ಉಳಿದಿದೆ. ಹೊಯ್ಗೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸುಲಭದ ಸಾಕ್ಷಿ ಬೇಡ. ಹೊಳೆಯಲ್ಲಿ ಮಿತಿಮೀರಿ ಹೊಯ್ಗೆ ತೆಗೆದರೆ, ಅಣೆಕಟ್ಟಿನ ಹಿಂದೆ ಅದು ಕೂತುಬಿಟ್ಟರೆ, ಕಡಲ ತೀರಕ್ಕೆ ಬರುವ ಪಾಲು ಕಡಿಮೆಯಾಗುತ್ತದೆ. ಹೊಳೆಯ ಕಾನೂನು ಒಂದು ಇಲಾಖೆಯದ್ದು, ಕಡಲಿನದ್ದು ಇನ್ನೊಂದರದ್ದು. ಹೊಯ್ಗೆ ಮಾತ್ರ ಒಂದೇ.

ರಾತ್ರಿ ಉಡುಪಿಯಲ್ಲಿ ಉಳಿದೆವು.

ಸೋಮವಾರ: ಮಲ್ಪೆ, ತೋನ್ಸೆಪಾರ್, ಕೋಡಿ ಬೆಂಗ್ರೆ

ಬೆಳಗ್ಗಿನ ಮೊದಲ ಬೋಟು. ಸೇಂಟ್ ಮೇರೀಸ್ ದ್ವೀಪ, ಊರವರ ಬಾಯಲ್ಲಿ ತೋನ್ಸೆಪಾರ್. ಇಳಿದ ಕೂಡಲೇ ಕಲ್ಲಿನ ಕಂಬಗಳು. ಒಂದಕ್ಕೊಂದು ತಾಗಿ ನಿಂತ ಐದು ಮೂಲೆ, ಆರು ಮೂಲೆಯ ಕಂಬಗಳು. ಕೆಲವು ಮುರಿದು ಮೆಟ್ಟಿಲಾಗಿವೆ. ಯಾರೋ ಕೆತ್ತಿ ಜೋಡಿಸಿದ್ದಾರೆ ಎಂದೇ ಮೊದಲ ಸಲ ನೋಡಿದವರಿಗೆ ಅನಿಸುತ್ತದೆ.

ಸುಮಾರು 8.5ರಿಂದ 9 ಕೋಟಿ ವರ್ಷದ ಹಿಂದೆ ಇದು ಲಾವಾ. ಆಗ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಎರಡೂ ಬೇರೆಯಾಗುವ ಹೊತ್ತಿನಲ್ಲಿ ಒಳಗಿನಿಂದ ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿತು. ಬೇಸಿಗೆಯಲ್ಲಿ ಒಣಗಿದ ಗದ್ದೆಯ ಕೆಸರು ಬಿರಿಯುವ ಹಾಗೆ ಮೇಲಿನಿಂದ ಬಿರುಕು ಬಿಟ್ಟು, ಬಿರುಕು ಆಳಕ್ಕೆ ಇಳಿದು ಕಂಬಗಳಾದವು. ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ನಿಂತ ಕಲ್ಲಿನ ಇನ್ನೊಂದು ಅರ್ಧ ಹಿಂದೂ ಮಹಾಸಾಗರದ ಆಚೆ ಉಂಟು ಎಂದು ಯೋಚಿಸಿದಾಗ ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಅವಳು ತೋರಿಸಿದ್ದು ಇನ್ನೊಂದನ್ನು. ದ್ವೀಪದ ಪಡುವಣ ಬದಿಯಲ್ಲಿ ಅಲೆ ಕಂಬಗಳಿಗೆ ಬಡಿದು ಎರಡಾಳು ಎತ್ತರ ಚಿಮ್ಮುತ್ತಿತ್ತು. ಮೂಡಣ ಬದಿಯಲ್ಲಿ, ಮಲ್ಪೆಯ ಕಡೆಗೆ, ನೀರು ಸಣ್ಣಗೆ ಅಲುಗುತ್ತಿತ್ತು. ಈ ದ್ವೀಪಗಳ ಸಾಲು ಅಲೆಯ ಹೊಡೆತ ತಾನು ತಿಂದು ಹಿಂದಿನ ನೀರನ್ನು ಶಾಂತವಾಗಿ ಇಡುತ್ತದೆ. ಮಲ್ಪೆಯಲ್ಲಿ ಇಷ್ಟು ದೊಡ್ಡ ಮೀನುಗಾರಿಕೆ ಬಂದರು ಬೆಳೆಯಲು ಅದರದ್ದೂ ಉಪಕಾರ ಉಂಟು. ಉಳ್ಳಾಲದಲ್ಲಿ ಕೋಟಿಗಟ್ಟಲೆ ಖರ್ಚು ಮಾಡಿ ನೀರೊಳಗೆ ದಿಬ್ಬ ಮಾಡಿದ್ದು ಇಂಥ ಕೆಲಸಕ್ಕೇ. ಇಲ್ಲಿ ಅದು ಸುಮ್ನೆ ಸಿಕ್ಕಿದೆ. ಅದರ ಮೇಲೆ ನಾವು ಬಾಟಲಿ ಎಸೆದು ಬರುತ್ತೇವೆ. ಕಂಬಗಳ ಸಂದಿನಲ್ಲಿ ಸಿಕ್ಕಿದ ಚಿಪ್ಸ್ ಪ್ಯಾಕೆಟುಗಳನ್ನು ಇಬ್ಬರೂ ಹೆಕ್ಕಿ ಚೀಲಕ್ಕೆ ತುಂಬಿಸಿಕೊಂಡೆವು.

ಮಧ್ಯಾಹ್ನ ಮೇಲೆ ಹೂಡೆ ದಾಟಿ ಕೋಡಿ ಬೆಂಗ್ರೆ. ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಸುವರ್ಣಾ, ಸೀತಾ ಎರಡೂ ಇಲ್ಲಿ ಸೇರುತ್ತವೆ. ನಡುವಿನ ಕಿರಿದಾದ ಹೊಯ್ಗೆ ಪಟ್ಟಿಯ ಮೇಲೆ ಮನೆ, ತೆಂಗು, ಬಾವಿ. ಸುತ್ತ ಉಪ್ಪುನೀರು, ಆದರೂ ಬಾವಿಯಲ್ಲಿ ಸಿಹಿನೀರು. ಹೇಗೆ?

ಮಳೆ ನೀರು ಹೊಯ್ಗೆಯಲ್ಲಿ ಇಳಿದು, ಅಡಿಯ ಉಪ್ಪುನೀರಿನ ಮೇಲೆ ತೇಲುತ್ತದೆ. ಸಿಹಿನೀರು ಹಗುರ, ಅಷ್ಟೇ. 1880ರ ದಶಕದ ಕೊನೆಗೆ ನೆದರ್ಲೆಂಡ್ಸಿನ ಬಾಡನ್ ಗೈಬೆನ್, 1901ರಲ್ಲಿ ಜರ್ಮನಿಯ ಹರ್ಟ್ಸ್‌ಬರ್ಗ್ ಬೇರೆ ಬೇರೆಯಾಗಿ ಒಂದೇ ಲೆಕ್ಕ ಕಂಡುಹಿಡಿದರು. ಕಡಲ ಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ಇದ್ದರೆ ಅಡಿಯಲ್ಲಿ ಸುಮಾರು 40 ಮೀಟರ್ ಸಿಹಿನೀರು ಇರುತ್ತದೆ. ಕೇಳಲು ಖುಷಿ. ಆದರೆ ಇದರ ಇನ್ನೊಂದು ಮುಖ ಹೆದರಿಸುತ್ತದೆ. ಇಂಥ ಕಿರಿದಾದ ಪಟ್ಟಿಯಲ್ಲಿ ನೀರು ಕಡಲಿಗಿಂತ ಎತ್ತರ ಇರುವುದೇ ಸ್ವಲ್ಪ. ಆ ಎತ್ತರ ಗೇಣಿನ ಅರ್ಧ, 10 ಸೆಂಟಿಮೀಟರ್ ಇಳಿದು ಹಾಗೇ ಉಳಿದರೆ, ಅಡಿಯಿಂದ ಉಪ್ಪುನೀರು ನಿಧಾನವಾಗಿ 4 ಮೀಟರ್ ಮೇಲೇರುತ್ತದೆ.

ಅವಳ ಗೆಳತಿಯ ಮನೆಗೆ ಹೋದೆವು. ಅಜ್ಜಿ ಎಳನೀರು ಕೊಟ್ಟು, ಬಾವಿ ತೋರಿಸಿದರು. ಮೇ ಬಂದರೆ ನೀರು ಸ್ವಲ್ಪ ಉಪ್ಪು. ಅನ್ನ ಬೇಯುವುದಿಲ್ಲ, ಚಹಾ ಒಡೆಯುತ್ತದೆ. "ಮುಂದಿನ ವಾರ ರಿಂಗ್ ಇಳಿಸಿ ಆಳ ಮಾಡುದು ಅಂತ ಮಗ ಹೇಳಿದ್ದಾನೆ" ಎಂದರು.

ಅವಳು ಕೊಡಪಾನದಿಂದ ಒಂದು ಲೋಟ ನೀರು ತೆಗೆದು ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಮೀಟರ್, ಅದ್ದಿದಳು. ಅಂಕೆ 500 ದಾಟಿತ್ತು. ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಮಿನ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ ಎಂದು ನಮ್ಮ ದೇಶದ ಮಾನದಂಡ. ಆಮೇಲೆ ಪಂಪ್ ಹಾಕಿಸಿದಳು. ತೆಂಗಿನ ಬುಡಕ್ಕೆ ನೀರು ಬಿಟ್ಟು ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅಳೆದರೆ ಅಂಕೆ ಬಹಳ ಏರಿತ್ತು. ಅಜ್ಜಿ ಮೀಟರನ್ನು ಕೈಗೆ ತೆಗೆದುಕೊಂಡು ನೋಡಿದರು.

"ಆಳ ಮಾಡಿದರೆ ಉಪ್ಪಿಗೆ ಹತ್ತಿರ ಹೋದ ಹಾಗೆ ಅಜ್ಜಿ. ಆಳ ಬೇಡ. ಅಗಲ ಮಾಡಿ. ದೊಡ್ಡ ಪಂಪ್ ಒಂದೇ ಸಲ ಹಾಕಬೇಡಿ. ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ."

"ಮತ್ತೆ ಪಕ್ಕದವರು ದಿನವಿಡೀ ಪಂಪ್ ಹಾಕಿದರೆ?"

ಪ್ರಶ್ನೆ ಸರಿ. ಒಂದೇ ಪಟ್ಟಿ, ಒಂದೇ ನೀರು. ಒಬ್ಬರು ಎಳೆದರೆ ಎಲ್ಲರ ಬಾವಿಗೂ ಉಪ್ಪು. ಮಾಡಿನ ನೀರನ್ನು ಬಾವಿಯ ಪಕ್ಕ ಇಂಗಿಸುವುದು ಇಲ್ಲಿ ಧೈರ್ಯವಾಗಿ ಮಾಡಬಹುದು, ಜಾರಲು ಗುಡ್ಡವೇ ಇಲ್ಲ. ಹೊಳೆಯ ಮೇಲ್ಗಡೆ ಕಿಂಡಿ ಅಣೆಕಟ್ಟಿಗೆ ಹೊತ್ತಿಗೆ ಸರಿಯಾಗಿ ಹಲಗೆ ಹಾಕಿದರೆ ಆ ಭಾಗದ ಗದ್ದೆಗೆ, ಬಾವಿಗೆ ಉಪ್ಪು ಏರುವುದು ತಪ್ಪುತ್ತದೆ. ತಡವಾಗಿ ಹಾಕಿದರೆ ಉಪ್ಪುನೀರನ್ನೇ ಒಳಗೆ ಕಟ್ಟಿಹಾಕಿದ ಹಾಗೆ. ಇದೆಲ್ಲ ಊರು ಕೂತು ಮಾತಾಡಬೇಕಾದ ವಿಷಯ. ಮಾತಾಡಲು ಕೈಯಲ್ಲಿ ಲೆಕ್ಕ ಬೇಕು.

ಅವಳು ತನ್ನ ಮೀಟರನ್ನು ಅಜ್ಜಿಯ ಮೊಮ್ಮಗಳ ಕೈಗೆ ಕೊಟ್ಟಳು. ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದಳು. ತಾರೀಕು, ಬಾವಿಯ ಕಟ್ಟೆಯಿಂದ ನೀರಿಗೆ ಎಷ್ಟು ಆಳ, ಮೀಟರಿನ ಅಂಕೆ, ಭರತವೋ ಇಳಿತವೋ. ಪ್ರತಿ ಭಾನುವಾರ, ಸುತ್ತಲಿನ ನಾಲ್ಕು ಮನೆಯ ಬಾವಿ ಸೇರಿಸಿ. ಹಗ್ಗಕ್ಕೆ ಮೀಟರಿಗೊಂದರ ಹಾಗೆ ಗಂಟು ಹಾಕಿ ಆಳ ನೋಡುವುದನ್ನೂ ತೋರಿಸಿದಳು.

ಹುಡುಗಿ ನೋಟ್‌ಬುಕ್ ತಿರುಗಿಸಿ ನೋಡಿ ಕೇಳಿದಳು, "ಅಕ್ಕಾ, ಅಳೆಯುದು ಪಂಪ್ ಹಾಕುವ ಮೊದಲಾ, ನಂತರವಾ?"

"ಮೊದಲು. ನಂತರದ್ದೂ ಬರೆದರೆ ಇನ್ನೂ ಒಳ್ಳೆಯದು. ಪಕ್ಕದ ಮನೆಯವರಿಗೆ ತೋರಿಸಲಿಕ್ಕೆ ಅದೇ ಬೇಕಾಗುದು."